ಘಡಿ ಮುರಿಯದ ಸೀರೆ

ಮೊನ್ನೆ ಗಂಡನ ಶಾಲೊಂದನ್ನು ಟ್ರಂಕಿನಿಂದ ತೆಗೆದು ಅದರ ಮೇಲೆ ಸ್ಟೀಮ್ ಪ್ರೆಸ್ ಆಡಿಸಿದೆ. ಶಾಲೆಯ ಕಾರ್ಯಕ್ರಮವೊಂದರಲ್ಲಿ ಯಾರೋ ಅವರಿಗೆ ಹೊದಿಸಿದ್ದ ಶಾಲು. ಹೊದಿಸಿದ ದಿನವೇ ಮಡಚಿಟ್ಟಿದ್ದು. ಉಗಿ ತಾಕುತ್ತಲೇ ಡಾಂಬರು ಗುಳಿಗೆಯ ವಾಸನೆ ಬೆಚ್ಚಗಾಗಿ ಎದ್ದು ಮೂಗಿಗೆ ಹೊಡೆಯಿತು. ಒಣಗಿದ್ದಾಗ ಆ ವಾಸನೆ ಬೇರೆ, ಉಗಿಯಲ್ಲಿ ನೆನೆದಾಗ ಬೇರೆ. ಎರಡನೆಯದನ್ನು ನಾನು ಮೊದಲು ಮೂಸಿದ್ದು ಇಪ್ಪತ್ತು ವರ್ಷಗಳ ಹಿಂದೆ, ಇದೇ ನಿಲಂಗಾದ ಗಲ್ಲಿಯಲ್ಲಿ, ಗಲ್ಲಿಯವರೆಲ್ಲ ಚಿಕ್ಕಮ್ಮನೆಂಬ ಸಲುಗೆಯಿಂದ ಕಾಕು ಎನ್ನುತ್ತಿದ್ದ ಎದುರುಮನೆಯವರ ಪಡಸಾಲೆಯಲ್ಲಿ...

ಸ್ಟೀಮ್ ಪ್ರೆಸ್ ಇಲ್ಲದೆ ನನಗೆ ಒಂದು ದಿನವೂ ಸಾಗುವುದಿಲ್ಲ. ಗಂಡ ನಾಲ್ಕು ದಿನ ಊರಿಗೆ ಹೋದರೆ ಹೇಗೋ ನಡೆಯುತ್ತದೆ, ಇದು ಕೆಟ್ಟರೆ ಮನೆಯೇ ನಿಂತಂತೆ. ಈಗಿರುವುದು ಮೂರನೆಯದು. ಇಸ್ತ್ರಿ ಅಂಗಡಿಯವರ ಕೆಂಡದ ಪೆಟ್ಟಿಗೆಯ ಕಾಲ ಮುಗಿದು ಈಗ ಗಲ್ಲಿಯ ಪ್ರತಿ ಮನೆಯಲ್ಲೂ ಒಂದಿದೆ. ನಾನು ಮದುವೆಯಾಗಿ ಭಾಲ್ಕಿ ಕಡೆಯಿಂದ ಗಡಿ ದಾಟಿ ಮಹಾರಾಷ್ಟ್ರದ ಈ ಊರಿಗೆ ಬಂದಾಗ ಇದ್ದದ್ದು ಕಾಕು ಅವರ ಮನೆಯಲ್ಲಿ ಮಾತ್ರ. ಅವರ ತಂಗಿಯ ಮಗ ಉಮರ್ಗಾ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಾಗ ದೊಡ್ಡಮ್ಮನಿಗೆಂದು ತಂದುಕೊಟ್ಟಿದ್ದ.

ಕಾಕು ಅದನ್ನು ದೇವರ ಸಾಮಾನಿನಂತೆ ನೋಡಿಕೊಂಡಿದ್ದರು. ನಮ್ಮ ಕಡೆ ಬೋರಿನ ನೀರು ಗಡಸು. ಪ್ರೆಸ್ಸಿಗೆ ಹಾಕಿದರೆ ಅಡಿಯ ತೂತುಗಳೆಲ್ಲ ಸುಣ್ಣ ಕಟ್ಟಿ, ಬಿಳಿ ಪುಡಿ ಬಟ್ಟೆಯ ಮೇಲೆ ಉದುರುತ್ತದೆ. ಅದಕ್ಕೆ ಅವರು ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಸೋಸಿ ಶೀಸೆಗಳಲ್ಲಿ ತುಂಬಿಡುತ್ತಿದ್ದರು. ನಮ್ಮ ಅತ್ತೆಗೆ ಇದೊಂದು ದೊಡ್ಡ ತಮಾಷೆ. "ನಮಗ ಕುಡಿಲಾಕ ಟ್ಯಾಂಕರ್ ನೀರ, ಆಕಿ ಸೀರಿಗಿ ಮಳಿನೀರ!" ಎಂದು ಬಾಗಿಲಲ್ಲಿ ನಿಂತು ಎದುರುಮನೆಗೆ ಕೇಳುವಂತೆಯೇ ಹೇಳುತ್ತಿದ್ದರು. ಕಾಕು ನಗುತ್ತಿದ್ದರು. ಅವರಿಗೆ ತಿರುಗಿ ಮಾತು ಕೊಡುವ ಅಭ್ಯಾಸ ಇರಲಿಲ್ಲ.

ಎರಡು ಮೂರು ತಿಂಗಳಿಗೊಮ್ಮೆ ನನ್ನನ್ನು ಕರೆಯುತ್ತಿದ್ದರು. ಟ್ರಂಕಿನಲ್ಲಿ ಹನ್ನೊಂದು ಸೀರೆ. ಮದುವೆ ಮುಂಜಿಗಳಲ್ಲಿ ಆಹೇರಿನ ಉಡುಗೊರೆಯಾಗಿ ಬಂದವು, ತವರಿನವರು ಕೊಟ್ಟವು, ಎಲ್ಲ ಹೊಸವು. ಒಂದೊಂದನ್ನೇ ಹೊರಗೆ ತೆಗೆದು, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಪೂರ್ತಿ ಬಿಚ್ಚುವುದು. ಆಮೇಲೆ ಮರದ ತಖತ್ತಿನ ಮೇಲೆ ಮಗುಚಿ ಹಾಸಿ, ತೆಳ್ಳನೆಯ ಮಲ್ಲಿನ ಬಟ್ಟೆ ಹೊದಿಸಿ, ಅದರ ಮೇಲೆ ಪ್ರೆಸ್ ಆಡಿಸುವುದು. ಹಳೆಯ ಗೆರೆ ಪೂರಾ ಹೋದ ಮೇಲೆ ನಾಲ್ಕು ಬೆರಳು ಸರಿಸಿ ಹೊಸ ಗೆರೆಯ ಮೇಲೆ ಮಡಚುವುದು. ಮುಗಿದಾಗ ಸೀರೆ ಆಗಷ್ಟೇ ಅಂಗಡಿಯಿಂದ ಬಂದಂತೆ ಕಾಣುತ್ತಿತ್ತು.

"ರೇಶ್ಮಿ ಒಂದೇ ಗೆರಿಮ್ಯಾಗ ಭಾಳ ದಿನಾ ಮಲಗಿದ್ರ ಅಲ್ಲೇ ಸೀಳತದ. ಮನಷ್ಯಾರಂಗೇ... ಮಗ್ಗಲಾ ಬದಲಸಬೇಕು," ಎನ್ನುತ್ತಿದ್ದರು.

ಇಷ್ಟು ಕಷ್ಟಪಡುವ ಬದಲು ಉಟ್ಟುಬಿಡಬಾರದೇ ಎಂದು ನಾನು ಒಂದು ದಿನ ಕೇಳಿದೆ. ಹೊಸ ಸೊಸೆ, ಬಾಯಿ ಸ್ವಲ್ಪ ಮುಂದು. ಅವರು ಪ್ರೆಸ್ಸನ್ನು ನಿಲ್ಲಿಸಿಟ್ಟು, "ಘಡಿ ಮುರಿಯೋರು ಇಲ್ಲಲ್ಲಾ," ಎಂದರು.

ನಮ್ಮ ಈ ಸೀಮೆಯಲ್ಲಿ ಹೆಂಗಸರು ಹೊಸ ಸೀರೆಯನ್ನು ತಾವೇ ಮೊದಲು ಉಡುವುದಿಲ್ಲ. ಮನಸ್ಸಿಗೆ ಹತ್ತಿರದವಳೊಬ್ಬಳಿಗೆ, ಮಗಳಿಗೋ ತಂಗಿಗೋ ಗೆಳತಿಗೋ, ಮೊದಲು ಉಡಲು ಕೊಡುತ್ತಾರೆ. ಅವಳು ಒಂದು ಗಳಿಗೆಯಾದರೂ ಉಟ್ಟು, ನಾಲ್ಕು ಹೆಜ್ಜೆ ನಡೆದು ಕೊಟ್ಟರೆ ಘಡಿ, ಅಂದರೆ ಹೊಸ ಸೀರೆಯ ಮಡಿಕೆ, ಮುರಿದಂತೆ. ಮರಾಠಿಯವರ ಪದ್ಧತಿಯೋ ನಮ್ಮದೋ ಯಾರಿಗೂ ಗೊತ್ತಿಲ್ಲ, ಇಲ್ಲಿ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಕಾಕು ಅವರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಅವರ ಸೀರೆಗಳ ಘಡಿಯನ್ನೆಲ್ಲ ಮುರಿಯುತ್ತಿದ್ದವಳು ಸಾಸ್ತೂರಿಗೆ ಕೊಟ್ಟಿದ್ದ ತಂಗಿ. ಅವಳು, ಅವಳ ಗಂಡ, ಅತ್ತೆ ಮಾವ ತೊಂಬತ್ತಮೂರರ ಭೂಕಂಪದಲ್ಲಿ ಹೋದರು. ಉದಗೀರದ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗನೊಬ್ಬ ಉಳಿದ. ಅವನನ್ನು ಕಾಕು ಬೆಳೆಸಿದರು. ನಾನು ಇಲ್ಲಿಗೆ ಬರುವ ಹೊತ್ತಿಗೆ ಇದಾಗಿ ಎಂಟೊಂಬತ್ತು ವರ್ಷ. ಅಷ್ಟು ವರ್ಷವೂ ಕಾಕು ಹೊಸ ಸೀರೆ ಉಟ್ಟಿರಲಿಲ್ಲ.

"ಬಿಚ್ಚಿ ಇಸ್ತ್ರಿ ಮಾಡಿದ್ರ ಘಡಿ ಮುರಿಯಂಗಿಲ್ಲ, ಉಟ್ಟರ ಮುರೀತದ," ಎಂದು ಅವರೇ ಕಾನೂನು ಹೇಳಿದರು. ಆಮೇಲೆ ಬೇರೆ ಗಂಟೊಂದನ್ನು ಬಿಚ್ಚಿ ಆನಂದಿ ಎನ್ನುವ ನೀಲಿ ಬಣ್ಣದ ಹಳೆಯ ಸೀರೆಯೊಂದನ್ನು ತೋರಿಸಿದರು. ತಂಗಿ ಕೊನೆಯ ಸಲ ಘಡಿ ಮುರಿದದ್ದು ಅದಂತೆ. ಗಲ್ಲಿಯವರಿಗೆ ಇದೆಲ್ಲ ಬೇಕಿರಲಿಲ್ಲ. ಅವರ ಲೆಕ್ಕದಲ್ಲಿ ಕಾಕು ಜಿಪುಣಿ.

ತಂಗಿಯ ಮಗನ ಲಗ್ನ ಗೊತ್ತಾಯಿತು. ಹುಡುಗಿ ದಾಳಿಂಬ ಎಂಬ ಊರಿನವಳು, ಲಗ್ನ ಉಮರ್ಗಾದಲ್ಲಿ. ಒಂದು ದಿನ ಬೆಳಿಗ್ಗೆ, ಅತ್ತೆ ಸಂತೆಗೆ ಹೋಗಿದ್ದಾಗ, ಕಾಕು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಟಾವೆಲ್ಲಿನಲ್ಲಿ ಸುತ್ತಿದ ಸೀರೆ. ಕೂರಿ ಎಂದರೆ ಕೂರಲಿಲ್ಲ.

"ಒಂದ್ ಮಾತು ಕೇಳಲಾಕ ಬಂದೀನಿ. ಪೋರನ ಲಗ್ನದಾಗ ಅವನ ಅವ್ವನ ಜಾಗಾದಾಗ ನಾ ನಿಂದ್ರಬೇಕು. ಆವತ್ತರ ಹೊಸಾ ಸೀರಿ ಉಡಬೇಕಂತ ಮನಸಾಗ್ಯಾದ. ನೀ ಇದರ ಘಡಿ ಮುರದ ಕೊಡು."

"ನಾನಾ, ಕಾಕು?"

"ಮತ್ತ ಯಾರಿಗಿ ಕೇಳ್ಲಿ? ಒಂದ್ ತಾಸ ಉಟ್ಟು ಗುಡಿಗಿ ಹೋಗಿ ಬಾ, ಸಾಕು."

ನನಗೆ ನಿಜವಾಗಿ ಸಂತೋಷವಾಯಿತು. ತವರು ಬಿಟ್ಟು ಬಂದು ವರ್ಷವಾಗಿರಲಿಲ್ಲ. ಈ ಊರಿನಲ್ಲಿ ನನ್ನನ್ನು ಯಾರೂ ಹಾಗೆ ಆರಿಸಿಕೊಂಡಿರಲಿಲ್ಲ. ಸೀರೆ ಇಸಿದುಕೊಂಡೆ. ಕೆಂಪಂಚಿನ ಹಸಿರು ಇರಕಲ್ಲು, ಅಂದರೆ ಇಳಕಲ್ ಸೀರೆ.

ಅತ್ತೆ ಸಂತೆಯಿಂದ ಬಂದವರು ಅದನ್ನು ನೋಡಿ ಚೀಲವನ್ನು ಅಲ್ಲೇ ಇಳಿಸಿದರು. ನನಗೆ ಆಗ ಮೂರು ತಿಂಗಳು. ಐದು ತುಂಬುವವರೆಗೆ ಹೊರಗೆ ಬಾಯಿ ಬಿಡಬಾರದೆಂದು ಅತ್ತೆಯ ಕಟ್ಟಪ್ಪಣೆ, ಆದ್ದರಿಂದ ಕಾಕು ಅವರಿಗೆ ಗೊತ್ತಿರಲಿಲ್ಲ. "ಹೊಟ್ಟಿ ಹೊತ್ತಕೊಂಡು ಸತ್ತಾಕಿ ಜಾಗಾದಾಗ ಹೋಗಿ ನಿಂದ್ರತೀಯೇನು? ಆ ಘಡಿ ಆಕೀದು. ಉಡಬ್ಯಾಡ. ಉಟ್ಟೀನಂತ ಹೇಳಿ ಕೊಟ್ಟಬಿಡು," ಎಂದರು. ನಾನು ಅಂಥದ್ದನ್ನೆಲ್ಲ ನಂಬುವವಳಲ್ಲ ಎಂದುಕೊಂಡಿದ್ದೆ. ಆದರೆ ಹೊಟ್ಟೆಯಲ್ಲಿ ಕೂಸು ಇದ್ದಾಗ ನಂಬದಿರುವುದಕ್ಕೂ ಎದೆ ಬೇಕು. ನನಗೆ ಭಯವಾಯಿತು.

ಬುದ್ಧಿ ಅತ್ತೆಯದು, ಕೈಚಳಕ ನನ್ನದು. ಸೀರೆಯನ್ನು ಹಾಸಿಗೆಯ ಮೇಲೆ ಬಿಚ್ಚಿ ಕೈಯಲ್ಲೇ ನಿರಿಗೆ ಹಿಡಿದೆ. ಗಾದಿಯ ಕೆಳಗಿಟ್ಟು ಅದರ ಮೇಲೆ ಕೂತೆ. ಸೊಂಟಕ್ಕೆ ಸಿಕ್ಕಿಸುವ ಜಾಗವನ್ನು ಹಿಂಡಿ ಮುದ್ದೆ ಮಾಡಿದೆ. ಭುಜದ ಕಡೆ ಪಿನ್ನು ಚುಚ್ಚಿ ತೆಗೆದೆ. ಆಮೇಲೆ ಕಾಕು ಅವರ ಪ್ರೆಸ್ಸನ್ನೇ ಇಸಿದು ತಂದು, ಅವರದೇ ಮಳೆನೀರು ತುಂಬಿ, ಉಟ್ಟ ಸೀರೆಯನ್ನು ಇಸ್ತ್ರಿ ಮಾಡಿದಾಗ ಎಷ್ಟು ಗುರುತು ಉಳಿಯುತ್ತದೋ ಅಷ್ಟನ್ನೇ ಉಳಿಸಿದೆ. ಮಾಡುವಾಗ ನನ್ನ ಜಾಣತನಕ್ಕೆ ನನಗೇ ಮೆಚ್ಚುಗೆಯಾಯಿತೆಂದು ಒಪ್ಪಿಕೊಳ್ಳಬೇಕು.

ಕಾಕು ಸೀರೆಯನ್ನು ತಖತ್ತಿನ ಮೇಲಿಟ್ಟು ಬಿಚ್ಚಿದರು. ನಿರಿಗೆ ನೋಡಿದರು, ಪಿನ್ನಿನ ತೂತು ನೋಡಿದರು. ಮುಖ ಅರಳಿತ್ತು. ಆಮೇಲೆ, ದಿನವೂ ಬಟ್ಟೆ ಮುಟ್ಟುವವರ ಅಭ್ಯಾಸದಂತೆ, ಕೆಳಗಿನ ಅಂಚಿನ ಗುಂಟ ಬೆರಳು ಆಡಿಸುತ್ತ ಹೋದರು. ನಮ್ಮ ಗಲ್ಲಿಗೆ ಆಗ ರಸ್ತೆ ಇರಲಿಲ್ಲ. ಗುಡಿಗೆ ಹೋಗಿ ಬಂದರೆ ಎರೆಮಣ್ಣಿನ ಧೂಳು ಅಂಚಿಗೆ ಹತ್ತಲೇಬೇಕು. ಎಷ್ಟು ಕೊಡವಿದರೂ ನೇಯ್ಗೆಯಲ್ಲಿ ಒಂದಿಷ್ಟು ಉಳಿಯುತ್ತದೆ. ಅಂಚು ಶುದ್ಧವಾಗಿತ್ತು. ಬೆರಳು ಒಂದು ಕಡೆ ನಿಂತಿತು.

"ಗುಡಿಗಿ ನಡಕೋತ ಹೋಗಿದ್ದೇನು?"

"ಹೂಂ ರೀ."

"ಹೌದಾ..." ಎಂದರು. ಅಂಚನ್ನು ಕೆಳಗೆ ಬಿಟ್ಟು, "ಇಸ್ತ್ರಿ ಚಂದ ಮಾಡೀದಿ," ಎಂದರು.

ನನ್ನ ಎದುರಿಗೇ ಸೀರೆಯನ್ನು ಮಡಚಿದರು. ಚಹಾ ಕೊಟ್ಟರು. ನಾನು ಕುಡಿದು ಬಂದೆ.

ಉಮರ್ಗಾದ ಮಂಗಲ ಕಾರ್ಯಾಲಯಕ್ಕೆ ಗಲ್ಲಿಯವರೆಲ್ಲ ಜೀಪು ಮಾಡಿಕೊಂಡು ಹೋದೆವು. ಬೀಗತಿಯರ ಭೇಟಿಗೆ ಕಾಕು ಮುಂದೆ ಬಂದರು. ಆ ಕಡೆಯಿಂದ ದಾಳಿಂಬದ ಬೀಗತಿ ಜರಿಯಲ್ಲಿ ಮುಳುಗಿ ನಿಂತಿದ್ದಳು. ಈ ಕಡೆ ಕಾಕು, ಆ ಹಳೆಯ ಆನಂದಿ ಬಣ್ಣದ ಸೀರೆಯಲ್ಲಿ. ಒಂದು ಸುಕ್ಕಿಲ್ಲದಂತೆ ಇಸ್ತ್ರಿಯಾಗಿತ್ತು. ಆದರೆ ಮಾಸಿದ ಬಣ್ಣವನ್ನು ಯಾವ ಇಸ್ತ್ರಿಯೂ ಮರೆಸುವುದಿಲ್ಲ.

ನನ್ನ ಪಕ್ಕದಲ್ಲಿದ್ದವಳು ಇನ್ನೊಬ್ಬಳಿಗೆ ಹೇಳಿದಳು: "ಟ್ರಂಕ್ ತುಂಬ ಸೀರಿ ಅವ. ತಂಗಿ ಮಗನ ಲಗ್ನಕ್ಕ ಹಳೀದು ಉಟ್ಕೊಂಡ ಬಂದಾಳ ನೋಡು. ಸ್ವಂತ ಮಗ ಇದ್ದಿದ್ರ ಹಿಂಗ ಬರ್ತಿದ್ಳೇನು?"

ಇಬ್ಬರೂ ನಕ್ಕರು. ನಾನು ಒಂದು ಮಾತು ಆಡಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತು. ಬುಂದಿ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ಏಳನೆಯ ತಿಂಗಳಲ್ಲಿ ನನ್ನ ಕುಬುಸದ ಕಾರ್ಯವಾಯಿತು. ಕಾಕು ಬಂದು ಉಡಿ ತುಂಬಿದರು. ಎಲ್ಲರೂ ಊಟಕ್ಕೆದ್ದಾಗ ನನ್ನ ಹತ್ತಿರ ಬಂದು ಕೂತು, ತಿಂಗಳುಗಳನ್ನು ಬೆರಳಿನಲ್ಲಿ ಹಿಂದಕ್ಕೆ ಎಣಿಸಿದರು. "ಆವಾಗ್ಲೇ ಹೇಳಿದ್ರ ನಾ ಆ ಸೀರೀ ತರ್ತಿದ್ದಿಲ್ಲ, ಹುಚ್ಚೀ," ಎಂದು ನನ್ನ ತಲೆ ನೇವರಿಸಿದರು. ತಪ್ಪಾಯಿತು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೆ ಸಿಗುತ್ತದೆ? ನಾನು, "ಊಟಕ್ಕ ಏಳ್ರಿ ಕಾಕು," ಎಂದೆ.

ಹೆರಿಗೆ ಮುಗಿಸಿ ತವರಿನಿಂದ ಮಗನನ್ನು ಎತ್ತಿಕೊಂಡು ಬರುವಷ್ಟರಲ್ಲಿ ಅವರು ಗಂಡನೊಂದಿಗೆ ಉಮರ್ಗಾಕ್ಕೆ, ಆ ಹುಡುಗನ ಮನೆಗೆ ಹೊರಡುವ ತಯಾರಿಯಲ್ಲಿದ್ದರು. ಪ್ರೆಸ್ಸನ್ನು ನಮ್ಮಲ್ಲೇ ಬಿಟ್ಟು ಹೋದರು. "ಕೂಸಿನ ಬಟ್ಟಿ ಹಸೀ ಹಾಕಬ್ಯಾಡ, ಮಳಿಗಾಲದಾಗ ಇದರಲೇ ಒಣಗಸು," ಎಂದು ನೀರಿನ ಶೀಸೆಗಳನ್ನೂ ಕೊಟ್ಟರು. ಎರಡು ಮಳೆಗಾಲ ನನ್ನ ಮಗ ಆ ಬೆಚ್ಚನೆಯ ಬಟ್ಟೆಯಲ್ಲೇ ಮಲಗಿದ. ಉಮರ್ಗಾ ಏನು ದೂರವಲ್ಲ, ಬಸ್ಸಿಗೆ ಕೂತರೆ ಮಧ್ಯಾಹ್ನದೊಳಗೆ ಹೋಗಿ ಬರಬಹುದು. ಹೋಗಬೇಕು, ಹೋಗಬೇಕು ಎನ್ನುತ್ತಲೇ... ಲಗ್ನಗಳಲ್ಲಿ ಸಿಗುತ್ತಿದ್ದರು. ಮಗನ ಬಗ್ಗೆ ಕೇಳುತ್ತಿದ್ದರು. ಸೀರೆಯ ಮಾತು ಇಬ್ಬರೂ ಎತ್ತಲಿಲ್ಲ.

ಅವರು ತೀರಿಕೊಂಡ ಸುದ್ದಿ ಆರು ವರ್ಷಗಳ ಹಿಂದೆ ಬಂತು. ನಾನು ಉಮರ್ಗಾ ಮುಟ್ಟುವಷ್ಟರಲ್ಲಿ ಮಣ್ಣು ಆಗಿತ್ತು. ಹುಡುಗನ ಹೆಂಡತಿ ನನಗೆ ನೀರು ಕೊಟ್ಟು ಪಕ್ಕದಲ್ಲಿ ಕೂತಳು. ಟ್ರಂಕಿನ ಸೀರೆಗಳ ಘಡಿಯನ್ನೆಲ್ಲ ವರ್ಷಕ್ಕೊಂದರಂತೆ ಕಾಕು ತನ್ನಿಂದ ಮುರಿಸಿದರೆಂದು ಹೇಳಿದಳು. ಎಲ್ಲವನ್ನೂ ಉಟ್ಟು ಹಳೆಯದು ಮಾಡಿದ್ದರಂತೆ. ಕೇಳಿ ನನಗೆ ಎದೆ ಹಗುರವಾಯಿತು.

"ಒಂದು ಮಾತ್ರ ಮುಟ್ಟಗೊಡಲಿಲ್ರಿ," ಎಂದಳು ಅವಳು. "ಹಸರ ಇರಕಲ್ಲ. ಕೈ ನಡಗತಿದ್ರೂ ತಾವೇ ಇಸ್ತ್ರಿ ಮಾಡಿ ಇಡತಿದ್ರು. ಕೇಳಿದ್ರ, ಅದರ ಘಡಿ ಒಬ್ಬಾಕಿಗಿ ಹೇಳೀನಿ, ಆಕಿ ಬರ್ತಾಳ, ಅಂತಿದ್ರು. ಯಾರೋ ಏನೋ, ಬರಲೇ ಇಲ್ಲ ನೋಡ್ರಿ. ಇವತ್ತ ಅದನ್ನೇ ಉಡಿಸಿ ಕಳಿಸಿದ್ವಿ."

"ಹೌದೇನು," ಎಂದೆ.

ಮಧ್ಯಾಹ್ನದ ಬಸ್ಸಿಗೆ ನಿಲಂಗಾಕ್ಕೆ ಬಂದೆ. ಅತ್ತಿದ್ದು ಮನೆಗೆ ಬಂದ ಮೇಲೆ.

ಈಗ ನನ್ನ ಅತ್ತೆಯೂ ಇಲ್ಲ. ನನಗೆ ಮಗಳಿಲ್ಲ, ತಂಗಿಯೂ ಇಲ್ಲ. ಪಂಚಮಿಗೆ ಅಣ್ಣ ಒಂದು ಸೀರೆ ಕೊಟ್ಟ. ನಮ್ಮ ಪಕ್ಕದ ಮನೆಗೆ ಔರಾದ ಶಹಾಜನಿಯಿಂದ ಹೊಸ ಸೊಸೆಯೊಬ್ಬಳು ಬಂದಿದ್ದಾಳೆ, ನಗುಮುಖದವಳು. ಸಂಜೆ ಬಂದು ನನ್ನ ಕಟ್ಟೆಯ ಮೇಲೆ ಕೂತು ಮಾತಾಡುತ್ತಾಳೆ. ಶಾಲು ಇಸ್ತ್ರಿ ಮಾಡಿದ ಮರುದಿನ ಆ ಸೀರೆ ಹಿಡಿದು ಅವಳ ಬಾಗಿಲಿಗೆ ಹೋದೆ.

"ಬರ್ರಿ ಕಾಕು, ಏನ್ ಬೇಕಾಗಿತ್ತು?" ಎಂದಳು.

"ಏನಿಲ್ಲವ್ವಾ, ಹೆಪ್ಪಿಗಿ ಚೂರು ಮಸರು ಅದೇನು ಅಂತ..."

ಅವಳು ನನ್ನ ಕೈಯನ್ನು ನೋಡಿದಳು. ಬಟ್ಟಲು ಇರಲಿಲ್ಲ. "ಆ ಸೀರೀ?" ಎಂದಳು.

"ಇದಾ? ಇಸ್ತ್ರಿಗಿ ಒಯ್ಯಲತ್ತೀನಿ," ಎಂದೆ. ನಮ್ಮ ಮನೆಯ ಸ್ಟೀಮ್ ಪ್ರೆಸ್ಸಿನ ವಿಷಯ ಇಡೀ ಗಲ್ಲಿಗೆ ಗೊತ್ತು.

ಅವಳು ನಕ್ಕು ತನ್ನದೇ ಬಟ್ಟಲಲ್ಲಿ ಮೊಸರು ತಂದುಕೊಟ್ಟಳು. ಒಂದು ಕೈಯಲ್ಲಿ ಸೀರೆ, ಒಂದು ಕೈಯಲ್ಲಿ ಬಟ್ಟಲು ಹಿಡಿದು ಮನೆಗೆ ಬಂದೆ. ಅವಳು ಇಲ್ಲ ಎನ್ನುತ್ತಿದ್ದಳೆಂದು ನನಗೆ ಅನ್ನಿಸಲಿಲ್ಲ. ಹೂಂ ಅಂದು, ಸೀರೆ ಒಯ್ದು, ಉಡದೆ ತಂದುಕೊಟ್ಟರೆ? ಕಾಕು ಹಾಗೆ ಬಂದ ಸೀರೆಯನ್ನು ಇಟ್ಟುಕೊಂಡು ಕಾದರು. ಹಾಗೆ ಕಾಯುವುದು ನನ್ನಿಂದ ಆಗುವುದಿಲ್ಲ.