ತಲೆಯ ಮೇಲೆ ಯಾರೂ ಇಲ್ಲದ ಮನೆ

ಗಾಜಿಪುರದಲ್ಲಿ ಬಾಡಿಗೆಗಿದ್ದಷ್ಟು ವರ್ಷವೂ ಮಾಲೀಕರ ಸಂಸಾರ ನಮ್ಮ ತಲೆಯ ಮೇಲೆಯೇ ನಡೆಯಿತು. ನಾನು ಶಾಲೆಯಲ್ಲಿ ಪಾಠ ಮುಗಿಸಿ ಬಂದು ಒಂದು ಗಳಿಗೆ ಅಡ್ಡಾದರೆ ಸಾಕು, ಮೇಲೆ ಖಾರ ಕುಟ್ಟುವ ಸದ್ದು ಶುರು. ಮಾಲೀಕರ ಹೆಂಡತಿ ಒಮ್ಮೆಯೂ ನನ್ನ ಹೆಸರು ಹಿಡಿದು ಕರೆದವರಲ್ಲ. "ಕೆಳಗಿನ ಮನಿಯವ್ರೇ, ನಳ ಬಂದ್ ಮಾಡ್ರಿ" ಎಂದು ಮೆಟ್ಟಿಲ ಮೇಲಿನಿಂದಲೇ ಕೂಗುತ್ತಿದ್ದರು. ಸ್ವಂತ ಮನೆಯ ಮಾತು ಬಂದಾಗ ನಾನು ಕೇಳಿದ್ದು ಒಂದೇ: ತಲೆಯ ಮೇಲೆ ಯಾರೂ ಇರಬಾರದು.

ನನ್ನ ಗಂಡನಿಗೆ ಕಮಲಾಪುರದಲ್ಲಿ, ಊರೊಳಗೇ, ಒಂದು ಕಡಿದಾದ ಇಳಿಜಾರು ಸೈಟು ಸಿಕ್ಕಿತು. ಮೇಲೆ ರಸ್ತೆ, ಕೆಳಗೆ ತಗ್ಗು. ಅಲ್ಲಿ ನೆಟ್ಟಗೆ ನಿಂತು ಮಾತಾಡುವುದೇ ಕಷ್ಟ, ಇವರು ಮನೆ ಕಟ್ಟಲು ಹೊರಟರು. ಸೇಡಂ ರಸ್ತೆಯಲ್ಲಿ ಆಫೀಸು ಇಟ್ಟಿದ್ದ ಆರ್ಕಿಟೆಕ್ಟ್ ಕಂಪ್ಯೂಟರಿನಲ್ಲಿ ಮನೆಯನ್ನು ಗಿರಗಿರ ತಿರುಗಿಸಿ ತೋರಿಸಿದ. ರಸ್ತೆಯಿಂದ ಕೆಳಗಿಳಿದರೆ ಪುಟ್ಟ ಮನೆ, ಒಂದೇ ಅಂತಸ್ತು, ತಗ್ಗಿನ ಕಡೆ ಗೋಡೆಯಗಲದ ಗಾಜು. ಮಾಳಿಗೆ, ಅಂದರೆ ಮನೆಯ ಚಪ್ಪಟೆ ಛಾವಣಿ, ರಸ್ತೆಗೆ ಸರಿಸಮ.

"ಮ್ಯಾಲ ಯಾರೂ ಇರೂದಿಲ್ಲಲ್ರೀ?" ಎಂದೆ.

"ಮ್ಯಾಲ ಆಕಾಶ ಒಂದ ನೋಡ್ರಿ ಮೇಡಂ," ಎಂದ. ರಸ್ತೆಗೂ ಮಾಳಿಗೆಗೂ ನಡುವೆ ಗೋಡೆ ಕಟ್ಟಿದರೆ ಅಂದ ಕೆಡುತ್ತದಂತೆ. ಗಾಡಿ ನಿಲ್ಲಿಸಲೂ ಮಾಳಿಗೆಯೇ ಆಯಿತು. ನನ್ನ ಗಂಡ ಇದನ್ನೆಲ್ಲ ತಾವೇ ಕಂಡುಹಿಡಿದವರಂತೆ ಬೀಗಿದರು.

ಗೃಹಪ್ರವೇಶದ ಮರುದಿನ ಮಧ್ಯಾಹ್ನ ನೆಮ್ಮದಿಯಿಂದ ಅಡ್ಡಾದೆ. ತಲೆಯ ಮೇಲೆ ದಡದಡ. ಯಾರದೋ ಮೋಟರ್‌ಸೈಕಲ್ಲು. ಆಮೇಲೆ ಚಪ್ಪಲಿಗಳ ಸದ್ದು, ನಗು. ಆ ಓಣಿಯಲ್ಲಿ ಅಷ್ಟು ಸಮತಟ್ಟಾದ ಜಾಗ ಬೇರೆ ಇರಲಿಲ್ಲ. ಜನ ಅದನ್ನು ಸರಕಾರ ಕಟ್ಟಿಸಿಕೊಟ್ಟ ಕಟ್ಟೆ ಎಂದೇ ತಿಳಿದಿದ್ದರು. ವಾರದೊಳಗೆ ಅಲ್ಲಿ ಮೆಣಸಿನಕಾಯಿ ಒಣಗಿದವು, ಹಪ್ಪಳ ಒಣಗಿದವು, ಬಸ್ಸು ಕಾಯುವವರೂ ಒಣಗಿದರು.

"ಒಂದು ಗ್ವಾಡಿ ಕಟ್ಟಸ್ರಿ" ಎಂದರೆ ಗಂಡ "ಡಿಸೈನ್ ಕೆಡ್ತದ" ಎಂದು ಗಾಜಿನ ಮುಂದೆ ಚಹಾ ಕುಡಿಯುತ್ತ ಕೂತುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಮೇಲೆ ಖಾರ ಕುಟ್ಟುವ ಸದ್ದೇ ಕೇಳಿತು. ಅದೇ ಸದ್ದು, ಅದೇ ಹೊತ್ತು. ಜಗಳಕ್ಕೆಂದೇ ಸೆರಗು ಬಿಗಿದು ಮೆಟ್ಟಿಲು ಹತ್ತಿದೆ. ಓಣಿಯ ನಾಲ್ಕೈದು ಹೆಂಗಸರು ಒರಳು ತಂದಿಟ್ಟುಕೊಂಡು ನನ್ನ ಮಾಳಿಗೆಯ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರಲ್ಲಿ ಹಿರಿಯಳಾದವಳು ಒನಕೆ ಕೆಳಗಿಟ್ಟು, ಪಕ್ಕದವಳನ್ನು ಪ್ರೀತಿಯಿಂದಲೇ ತಿವಿದಳು.

"ಜರಾ ಸರಕೊಂಡು ಕೂಡ್ರವ್ವಾ. ಕೆಳಗಿನ ಮನಿಯವ್ರು ಬಂದಾರ."