ಬಿಸಿ ರೊಟ್ಟಿ ಮತ್ತು ನನ್ನ ಸಹಿ

ನನ್ನ ಸಹಿ ವರ್ಷದಿಂದ ವರ್ಷಕ್ಕೆ ಸವೆಯುತ್ತ ಬಂದಿದೆಯೆಂಬುದು ನನಗೆ ತಿಳಿದದ್ದು ಬ್ಯಾಂಕಿನಲ್ಲಿ. ಕೌಂಟರಿನಾಚೆ ಕುಳಿತಿದ್ದ ಯುವತಿ, ಖಾತೆ ತೆರೆದ ಕಾಲದಲ್ಲಿ ನಾನು ಹಾಕಿದ್ದ ಸಹಿಯನ್ನು ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದು ಮಾಡಿ, ಆಗ ತಾನೇ ಹಾಕಿದ ಸಹಿಯನ್ನು ಅದರ ಪಕ್ಕಕ್ಕೆ ಹಿಡಿದು, ಇವೆರಡೂ ಒಬ್ಬನೇ ಮನುಷ್ಯನವು ಎಂದು ನಂಬುವುದು ಹೇಗೆ ಎಂಬಂತೆ ನನ್ನ ಮುಖ ನೋಡಿದಳು. ಹಳೆಯದರಲ್ಲಿ ಗುರುಸಿದ್ದಪ್ಪ ಎಂಬ ನನ್ನ ಹೆಸರು ಸಕಲ ಒತ್ತಕ್ಷರಗಳ ಸಮೇತ ಸಾಲಂಕೃತವಾಗಿ ವಿರಾಜಿಸಿತ್ತು. ಹೊಸದರಲ್ಲಿ ಇದ್ದದ್ದು ಒಂದು ‘ಗು’, ಅದರ ಮುಂದೆ ಯಾರೋ ಕೈ ಜಗ್ಗಿದಾಗ ಬಿದ್ದಂಥ ಒಂದು ಗೆರೆ. ನಾನು ಅಲ್ಲೇ ನಿಂತು ಮೂರು ಸಲ ಹಳೆಯ ಸಹಿಯನ್ನು ಹಾಕಲು ಪ್ರಯತ್ನಿಸಿದೆ, ಮೂರು ಸಲವೂ ಬೇರೆ ಬೇರೆ ಬಂದವು.

ಇದಕ್ಕೆ ನನ್ನ ವೃತ್ತಿಯೇ ಕಾರಣ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ನಾನು ಆಕ್ಯುಪೇಷನಲ್ ಥೆರಪಿಸ್ಟ್. ಈ ಹೆಸರು ಕೇಳಿದ ನೆಂಟರಲ್ಲಿ ಅರ್ಧ ಜನ ತಮ್ಮ ಮಕ್ಕಳಿಗೆ ನೌಕರಿ ಕೊಡಿಸಲು ಬಂದು, ನಿರಾಶರಾಗಿ, ಚಹಾ ಕುಡಿದು ಹೋಗಿದ್ದಾರೆ. ಲಕ್ವ ಹೊಡೆದವರಿಗೆ, ಕೈ ಮುರಿದವರಿಗೆ, ನಿನ್ನೆಯವರೆಗೆ ಮಾಡುತ್ತಿದ್ದ ಕೆಲಸವನ್ನು ಇಂದು ಮಾಡಲಾಗದವರಿಗೆ, ಅಂಗಿಯ ಗುಂಡಿ ಹಾಕುವುದರಿಂದ ಹಿಡಿದು ಕೊಡ ಎತ್ತುವವರೆಗೆ ಎಲ್ಲವನ್ನೂ ಹೊಸದಾಗಿ ಕಲಿಸುವುದು ನಮ್ಮ ಕಸುಬು. ಕಲಿಸುತ್ತಿದ್ದೆ ಎಂದು ಭೂತಕಾಲದಲ್ಲಿ ಹೇಳಬೇಕು. ವಯಸ್ಸಾದಂತೆ ನನ್ನನ್ನು ಗದಗಿನ ಕೇಂದ್ರದಲ್ಲಿ ಕೂರಿಸಿ ಮೇಲ್ವಿಚಾರಕನನ್ನಾಗಿ ಮಾಡಿದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮನೆಮನೆಗೆ ಹೋಗುವ ಮೂವರು ಎಳೆಯ ಥೆರಪಿಸ್ಟರು ಬರೆದು ತಂದದ್ದರ ಕೆಳಗೆ ‘ಪರಿಶೀಲಿಸಿದೆ’ ಎಂದು ಸಹಿ ಹಾಕುವುದು, ಆಗೊಮ್ಮೆ ಈಗೊಮ್ಮೆ ಅವರ ಜೊತೆ ಹೋಗಿ ನಿಂತು ನೋಡುವುದು ಈಗ ನನ್ನ ಚಿಕಿತ್ಸೆ.

ಸ್ವಭಾವತಃ ನಾನು ಆತಂಕದ ಪ್ರಾಣಿ. ಮನೆಗೆ ಕೀಲಿ ಹಾಕಿ ಓಣಿಯ ತಿರುವಿನಿಂದ ವಾಪಸು ಬಂದು ಕೀಲಿ ಜಗ್ಗಿ ನೋಡುವವನು, ಗ್ಯಾಸ್ ಬಂದ್ ಮಾಡಿದ್ದೇನೆಯೇ ಎಂದು ಬಸ್ಸಿನಿಂದ ಹೆಂಡತಿಗೆ ಫೋನು ಹಚ್ಚುವವನು. ಕೇಂದ್ರದ ನೀತಿಸಂಹಿತೆಯನ್ನು ಬರೆಯುವ ಕೆಲಸ ನನಗೇ ಬಂದದ್ದು ಈ ಗುಣದಿಂದ. ಕಣ್ಣಾರೆ ಕಾಣದ ಯಾವ ಪ್ರಗತಿಯನ್ನೂ ದಾಖಲಿಸತಕ್ಕದ್ದಲ್ಲ, ರೋಗಿಯ ಮನೆಯಲ್ಲಿ ಏನನ್ನೂ ಸ್ವೀಕರಿಸತಕ್ಕದ್ದಲ್ಲ, ದಾಖಲೆಯಲ್ಲಿ ತಪ್ಪಾದರೆ ಅಳಿಸದೆ, ಮೂಲ ಕಾಣುವಂತೆ ಒಂದೇ ಗೆರೆ ಎಳೆದು, ಕಾರಣ ಬರೆದು, ಪೂರ್ಣ ಹೆಸರಿನ ಸಹಿ ಹಾಕತಕ್ಕದ್ದು ಎಂದೆಲ್ಲ ನಾನು ಬರೆದ ಆ ಪುಸ್ತಿಕೆಯಲ್ಲಿ ‘ತಕ್ಕದ್ದು’ಗಳ ಸಂಖ್ಯೆ ನೋಡಿದವರು ನನ್ನನ್ನು ಮಹಾ ಕಟ್ಟುನಿಟ್ಟಿನ ಮನುಷ್ಯನೆಂದು ಭಾವಿಸಿದರೆ ಅದು ಅವರ ತಪ್ಪಲ್ಲ. ನಾನೂ ಹಾಗೆಯೇ ಭಾವಿಸಿದ್ದೆ.

ಮೂವರಲ್ಲಿ ಶಬಾನಾ ಎಂಬವಳು ಬೆಟಗೇರಿಯವಳು. ಚುರುಕು ಹುಡುಗಿ, ಅಕ್ಷರ ಮುತ್ತಿನಂತೆ, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರದ ಕಾರಣ ನೌಕರಿ ಕಾಯಂ ಆಗಿರಲಿಲ್ಲ. ಒಂದು ಗುರುವಾರ ಮಧ್ಯಾಹ್ನ ಅವಳು ಶಿರಹಟ್ಟಿಯ ನೀಲವ್ವನ ಫೈಲು ತಂದಳು. ನೀಲವ್ವ ಬಸ್‌ಸ್ಟ್ಯಾಂಡಿನ ಬಳಿಯ ಖಾನಾವಳಿಯೊಂದಕ್ಕೆ ಮನೆಯಿಂದಲೇ ರೊಟ್ಟಿ ಬಡಿದು ಕೊಡುತ್ತಿದ್ದ ಹೆಂಗಸು. ಐವತ್ತರ ಆಚೀಚೆ. ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ಐದಾರು ತಿಂಗಳಲ್ಲಿ ಕೈಗೆ ಬಲವೇನೋ ಬಂತು, ಸ್ಪರ್ಶ ಬರಲಿಲ್ಲ. ಫೈಲಿನಲ್ಲಿ ‘ಸ್ವತಂತ್ರವಾಗಿ ರೊಟ್ಟಿ ಮಾಡುತ್ತಾರೆ, ಗುರಿ ಸಾಧಿಸಿದೆ, ಭೇಟಿ ನಿಲ್ಲಿಸಬಹುದು’ ಎಂದಿತ್ತು. “ಬಿಸಿ ರೊಟ್ಟಿ ಪುಂಡಿಪಲ್ಯ ಹಚ್ಚಿ ಕೊಟ್ರು ಸರ್. ಬ್ಯಾಡ ಅಂದ್ರ ಕೇಳಲಿಲ್ಲ,” ಎಂದು ಶಬಾನಾ ತಪ್ಪೊಪ್ಪಿಕೊಳ್ಳುವವಳಂತೆ ಹೇಳಿದಳು. ನಮ್ಮ ಕಡೆ ಮನೆಗೆ ಬಂದವರು ಉಣ್ಣದೆ ಎದ್ದರೆ ಅದು ಬೈಗುಳಕ್ಕಿಂತ ಕಡೆ. ಪುಸ್ತಿಕೆ ಬರೆಯುವಾಗ ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಾನು ನಕ್ಕು, ನಿಯಮ ನೆನಪಿಸಿ, ಇನ್ನೂ ಹತ್ತು ಫೈಲು ಉಳಿದಿದ್ದರಿಂದ ‘ಗು’ ಬರೆದು ಗೆರೆ ಎಳೆದೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಳಿತು ನಾನು ಪೇಪರು ಓದುತ್ತಿದ್ದೆ, ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಬಾರದ ಕೆಲಸದ ಮೇಲ್ವಿಚಾರಣೆ ಮಾಡುವ ಸೌಭಾಗ್ಯ ಲೋಕದಲ್ಲಿ ನನ್ನೊಬ್ಬನದೇ ಅಲ್ಲ ಎಂಬುದಷ್ಟೇ ಸಮಾಧಾನ. ಬಡಿದ ರೊಟ್ಟಿಯನ್ನು ಅವಳು ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿದಳು, ಎಡಗೈಯ ಕಿರುಬೆರಳು ಹಂಚಿಗೆ ತಗಲಿತು, ತಗಲಿದ ಕ್ಷಣವೇ ಕೈ ತಾನಾಗಿ ಹಿಂದೆ ಬಂತು. ಅವಳು ಮಾತು ಸಹ ನಿಲ್ಲಿಸಲಿಲ್ಲ. ಕೈ ಹಿಂದೆ ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲವೆಂದು ಕಾಣುತ್ತದೆ. ಆದರೆ ನನ್ನ ಕೈಯಲ್ಲಿದ್ದ ಪೇಪರು ಕೆಳಗಿಳಿಯಿತು.

ಆ ಫೈಲಿನ ಎರಡನೆಯ ಪುಟದಲ್ಲಿ ಇನ್ನೊಂದು ಸಾಲು ಇತ್ತಲ್ಲವೇ. ಎಡ ಅಂಗೈ, ಬಿಸಿ-ತಣ್ಣನೆಯ ಅರಿವು: ಇಲ್ಲ. ಮೊದಲ ಪುಟದಲ್ಲಿ ಸ್ವತಂತ್ರವಾಗಿ ಒಲೆಯ ಮುಂದೆ ಕೂರುತ್ತಾಳೆ, ಎರಡನೆಯ ಪುಟದಲ್ಲಿ ಅವಳ ಕೈಗೆ ಬೆಂಕಿ ತಿಳಿಯುವುದಿಲ್ಲ. ಎರಡನ್ನೂ ಓದಿ, ಎರಡರ ಕೆಳಗೂ ಒಂದೇ ಗೆರೆ ಎಳೆದಿದ್ದೆ. ಬಿಸಿ ತಿಳಿಯದ ಕೈ ಹಿಂದೆ ಬರುವುದಿಲ್ಲ. ಧಗಧಗ ಉರಿಯುವ ಬೆಂಕಿಯ ಮೇಲಿನ ಹಂಚಿಗೆ ಆ ಕೈ ತಗಲಿದರೆ ಅಲ್ಲಿಯೇ ಇರುತ್ತದೆ. ಆಗ ನನಗಾದ ಹೆದರಿಕೆಯನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ತಟ್ಟೆಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ನೀಲವ್ವನ ಮನೆಯಲ್ಲಿದ್ದದ್ದು ಒಂದೇ ಫೋನು, ಅದು ಹತ್ತಿ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ದುಡಿಯುವ ಗಂಡನ ಕಿಸೆಯಲ್ಲಿರುತ್ತದೆ. ಅದಕ್ಕೆ ಫೋನು ಮಾಡಿದೆ, ಯಂತ್ರದ ಸದ್ದಿನಲ್ಲಿ ಅವನಿಗದು ಕೇಳಿಸಲಿಲ್ಲವೆಂದು ತೋರುತ್ತದೆ. ಶಬಾನಾಳಿಗೆ ಹಚ್ಚಿದೆ. “ನೀಲವ್ವ ರೊಟ್ಟಿ ಬಡಿಯೂದನ್ನ ನೀ ಕಣ್ಣಾರೆ ನೋಡಿಯೇನವಾ?” ಎಂದು ಕೇಳಿದೆ. “ರೊಟ್ಟಿ ನೋಡೀನ್ರಿ ಸರ್,” ಎಂದಳು, “ಬಡಿಯೂದು ನೋಡಿಲ್ಲ.” ನಾನು ಸಿಟ್ಟಾಗಬೇಕಾಗಿತ್ತು, ಆಗಲಿಲ್ಲ. ಅವಳು ರೊಟ್ಟಿಯನ್ನಾದರೂ ನೋಡಿದ್ದಳು, ನಾನು ನೋಡಿದ್ದು ಕಾಗದವನ್ನು.

ಕೇಂದ್ರದಿಂದ ಫೈಲು ತೆಗೆದುಕೊಂಡು ಇಬ್ಬರೂ ಶಿರಹಟ್ಟಿಯ ಬಸ್ಸು ಹತ್ತಿದೆವು. ಕಿಟಕಿಯಾಚೆ ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು, ಬಸ್ಸು ಅವುಗಳಿಗಿಂತ ನಿಧಾನವಾಗಿ ಹೋಗುತ್ತಿದೆಯೆಂದು ನನಗೆ ಅನ್ನಿಸುತ್ತಿತ್ತು. ಪ್ರತಿ ಊರಿನಲ್ಲೂ ಚೀಲ ಹತ್ತಿಸುವವರು, ಚೀಲ ಇಳಿಸುವವರು, ಚಿಲ್ಲರೆಗಾಗಿ ಕಾಯುವವರು. ಶಬಾನಾ ಓಢಣಿಯ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು. ನೌಕರಿ ಹೋಗುತ್ತದೆಯೆಂಬ ಭಯ ಅವಳಿಗೆ ಇದ್ದಿರಲೇಬೇಕು, ಆದರೆ ಆಕೆ ಕೇಳಿದ್ದು, “ಆಕಿ ಇವತ್ತ ಒಲಿ ಹಚ್ಚಿರತಾಳೇನ್ರಿ ಸರ್?” ಎಂದು ಮಾತ್ರ. ನನ್ನ ಚಿಂತೆಗಳಲ್ಲಿ ನೀಲವ್ವನ ಕೈ ಮೊದಲನೆಯದಾಗಿದ್ದರೂ, ನಾಳೆ ಮೇಲಧಿಕಾರಿಗಳಿಗೆ ಏನು ಹೇಳುವುದು ಎಂಬುದು ಎರಡನೆಯದಾಗಿ ಅದರ ಬೆನ್ನಿಗೇ ನಿಂತಿತ್ತು ಎಂಬುದನ್ನು ಓದುಗರಿಂದ ಮುಚ್ಚಿಡಲಾರೆ.

ಆತಂಕದ ಮನಸ್ಸು ಅಸಂಗತವಾದದ್ದನ್ನು ನೆನೆಯುತ್ತದೆ. ನನಗೆ ಅಪ್ಪನ ಶಾಲೆ ನೆನಪಾಯಿತು. ಅಪ್ಪ ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ ಮಾಸ್ತರರು. ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ್ ಸಾಹೇಬರು ಬರುವ ದಿನ ಊರಿಗೆ ಊರೇ ಪರೀಕ್ಷೆಗೆ ಕುಳಿತುಬಿಡುತ್ತಿತ್ತು. ಗೋಡೆಗೆ ಸುಣ್ಣ ಬೀಳುತ್ತಿತ್ತು, ಮಗ್ಗಿ ಬರುವವರು ಮುಂದಿನ ಸಾಲಿಗೆ ಬರುತ್ತಿದ್ದರು, ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ಅಪ್ಪ ಆಚೆ ದಂಡೆಯಲ್ಲಿ ನಿಂತು ವಾಪಸಾದ ದಿನಗಳನ್ನು ಹಿರಿಯರು ಸಾರಾಸಗಟಾಗಿ ಮರೆತುಬಿಡುತ್ತಿದ್ದರು. ಸಾಹೇಬರು ಮಜ್ಜಿಗೆ ಕುಡಿದು, ‘ತೃಪ್ತಿಕರ’ ಎಂದು ಬರೆದು, ಜೀಪು ಹತ್ತುತ್ತಿದ್ದರು. ಅವರು ಕಂಡದ್ದು ಶಾಲೆಯನ್ನಲ್ಲ, ಊರಿನವರಿಗೆ ಅಪ್ಪನ ಮೇಲಿದ್ದ ಅಂತಃಕರಣವನ್ನು. ಆ ಸಾಹೇಬರ ಕುರಿತು ನಾನು ಬಹಳ ವರ್ಷ ನಕ್ಕಿದ್ದೇನೆ.

ನೀಲವ್ವನ ಮನೆಯ ಹಿತ್ತಲಿನಿಂದ ಹೊಗೆ ಏಳುತ್ತಿತ್ತು. ಶಬಾನಾ ಓಡಿದಳು, ನಾನು ಓಡಿದಂತೆ ನಡೆದೆ. ನೀಲವ್ವ ಒಲೆಯ ಮುಂದೆ ಕುಳಿತಿದ್ದಳು, ಪರಾತದಲ್ಲಿ ಹಿಟ್ಟು, ಪಕ್ಕದಲ್ಲಿ ಮುರಿದು ಹರಿದ ನಾಲ್ಕಾರು ರೊಟ್ಟಿ. “ಬರ್ರಿ ಸರ್, ಕುಂಡ್ರಿ,” ಎಂದು ಎರಡೂ ಕೈ ಜೋಡಿಸಿದಳು. ಜೋಡಿಸಿದ ಕೈಗಳಲ್ಲಿ ಎಡಗೈಯ ಅಂಚಿನಲ್ಲಿ, ಕಿರುಬೆರಳ ಬುಡದಿಂದ ಮಣಿಕಟ್ಟಿನ ಹತ್ತಿರದವರೆಗೆ, ಚರ್ಮ ಬೊಕ್ಕೆಯೆದ್ದು ಬೆಳ್ಳಗಾಗಿತ್ತು. ಶಬಾನಾ ಆ ಕೈ ಹಿಡಿದು ತಣ್ಣೀರಿನ ಕೊಡಕ್ಕೆ ಒಯ್ದಾಗ ನೀಲವ್ವ ಆಶ್ಚರ್ಯದಿಂದ ತನ್ನ ಕೈಯನ್ನೇ ನೋಡಿದಳು. “ಇದ ಯಾವಾಗ ಆತು?” ಎಂದು ಕೇಳಿದಳು, ಬೇರೆ ಯಾರದೋ ಕೈಯ ಬಗ್ಗೆ ವಿಚಾರಿಸುವಂತೆ.

ಆಳದ ಗಾಯವಾಗಿರಲಿಲ್ಲ. ದವಾಖಾನೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದು ಪಡಸಾಲೆಯಲ್ಲಿ ಕುಳಿತ ಮೇಲೆ ನಾನು ಕೇಳಲೇಬೇಕಾದದ್ದನ್ನು ಕೇಳಿದೆ. ನೀಲವ್ವ ತಲೆ ತಗ್ಗಿಸಿದಳು. “ನಿನ್ನಿ ರೊಟ್ಟಿ ಬಾಜೂಮನಿ ಮಾದೇವಿ ಬಡಿದು ಕೊಟ್ಟಿದ್ಲರಿ. ಇವತ್ತರ ನಾನ ಬಡಿದು ಅದನ್ನ ಖರೆ ಮಾಡೂಣು ಅಂತ ಕುಂತಿದ್ನಿ. ಸುಳ್ಳ ಹೇಳಾಕ ನನಗೂ ಮನಸ್ಸಿರಲಿಲ್ಲ. ಹೋದ ತಿಂಗಳ ನೀವು ಬಂದಾಗ ಆ ಮೂಲ್ಯಾಗ ನಿಂತು, ಒಂದ ಮಾತ ಆಡದ ಬರಕೊಂಡ್ರಿ. ಈ ಹುಡುಗಿ ಘಳಿಗಿಗೊಮ್ಮೆ ನಿಮ್ಮ ಮಾರಿ ನೋಡತಿದ್ಲು. ಆಕಿದು ಪರೀಕ್ಷಾ ನಡದೈತಿ ಅಂತ ತಿಳಕೊಂಡ್ನಿ. ನನ್ನ ಕೈ ಸಲುವಾಗಿ ಆಕಿ ಯಾಕ ಫೇಲ್ ಆಗಬೇಕ್ರಿ?”

ಶಬಾನಾ ಅಳತೊಡಗಿದಳು. ನಾನು ಆ ಮೂಲೆಯನ್ನು ನೋಡಿದೆ. ನಿಜ, ಹೋದ ತಿಂಗಳು ಅಲ್ಲಿಯೇ ನಿಂತಿದ್ದೆ. ಮೇಲ್ವಿಚಾರಕ ಮಧ್ಯೆ ಬಾಯಿ ಹಾಕತಕ್ಕದ್ದಲ್ಲ ಎಂಬ ನನ್ನದೇ ನಿಯಮದ ಪ್ರಕಾರ, ಕಿಸೆಯಲ್ಲಿ ಪೆನ್ನು, ಕೈಯಲ್ಲಿ ಪುಸ್ತಕ. ಅಷ್ಟು ವರ್ಷ ನಾನು ಯಾರ ಕುರಿತು ನಕ್ಕಿದ್ದೆನೋ ಆ ಸಾಹೇಬರೇ ಅಲ್ಲಿ ನಿಂತಿದ್ದರು, ಜೀಪೊಂದೇ ಕಡಿಮೆ. ತಪ್ಪು ನಡೆಯದಿರಲೆಂದು ನಾನು ಇಟ್ಟ ಕಣ್ಣಿಗೆ ಹೆದರಿಯೇ ಈ ತಪ್ಪು ನಡೆದಿತ್ತು, ಮತ್ತು ಅದರ ಬೊಕ್ಕೆ ಎದ್ದದ್ದು ನನ್ನ ಕೈ ಮೇಲಲ್ಲ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಫೈಲನ್ನು ಅಲ್ಲಿಯೇ ಮೊಣಕಾಲ ಮೇಲಿಟ್ಟು ಬಿಚ್ಚಿದೆ. ‘ಗುರಿ ಸಾಧಿಸಿದೆ’ ಎಂಬುದರ ಮೇಲೆ ಒಂದು ಗೆರೆ ಎಳೆದೆ. ಕಾರಣದ ಜಾಗದಲ್ಲಿ ಏನು ಬರೆಯುವುದು? ‘ಪರಿಷ್ಕೃತ ಮೌಲ್ಯಮಾಪನದ ಹಿನ್ನೆಲೆಯಲ್ಲಿ’ ಎಂಬ ಘನವಾದ, ಯಾರಿಗೂ ಗಾಯವಾಗದ ಪದಪುಂಜವೊಂದು ಪೆನ್ನಿನ ತುದಿಗೆ ಬಂದು ನಿಂತಿತು. ಅದನ್ನು ಬರೆದರೆ ನನಗೆ ಯಾರೂ ಏನೂ ಕೇಳುತ್ತಿರಲಿಲ್ಲ, ಕೇಳಿದರೆ ಶಬಾನಾಳನ್ನು ಕೇಳುತ್ತಿದ್ದರು. ಪೆನ್ನು ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿತ್ತು. ಆಮೇಲೆ, ‘ಮೇಲ್ವಿಚಾರಕನು ನೋಡದೆ, ಕೇಳದೆ ಸಹಿ ಮಾಡಿದ್ದರಿಂದ’ ಎಂದು ಬರೆದು, ಎಂದಿನಂತೆ ‘ಗು’ ಹಾಕಿ ಗೆರೆ ಎಳೆದೆ. ಹೊಸ ಗುರಿಯ ಸಾಲು ನೀಲವ್ವನೇ ಹೇಳಿದಳು. ಬಡಿಯುವುದು ಅವಳದು, ಹಂಚಿಗೆ ಹಾಕುವುದು ಸದ್ಯಕ್ಕೆ ಮಾದೇವಿಯದು, ಉದ್ದ ಹಿಡಿಕೆಯ ಸಟ್ಟುಗದಿಂದ ಎತ್ತುವುದನ್ನು ನೀಲವ್ವ ಕಲಿಯುವವರೆಗೆ. ಇಷ್ಟು ಸರಳವಾದ ಉಪಾಯ ನಮ್ಮ ಪುಸ್ತಿಕೆಯ ಯಾವ ಪುಟದಲ್ಲೂ ಇರಲಿಲ್ಲ.

ನಿಯಮದಂತೆ ಅವಳ ಸಹಿಯೂ ಬೇಕಿತ್ತು. ನಾಲ್ಕನೆಯ ತರಗತಿಯವರೆಗೆ ಓದಿದವಳು, ಬಲಗೈಯಿಂದ ನಿಧಾನವಾಗಿ, ನಾಲಿಗೆಯ ತುದಿ ಕಚ್ಚಿಕೊಂಡು ‘ನೀಲವ್ವ’ ಎಂದು ಬರೆದಳು. ಆಮೇಲೆ ಅದರ ಮೇಲಿದ್ದ ನನ್ನ ಸಹಿಯ ಕಡೆ ಬೆರಳಿಟ್ಟು, “ಇದ ಏನ್ರಿ?” ಎಂದು ಕೇಳಿದಳು.

“ನನ್ನ ಹೆಸರವಾ.”

“ಪೂರಾ ಬರೀರಿ. ಯಾರು ಬರದಾರ ಅಂತ ನಾ ಓದತೀನಿ.”

ಬರೆದೆ. ಮೊದಲ ಮೂರು ಅಕ್ಷರ ಸಲೀಸಾಗಿ ಬಂದವು, ಒತ್ತಕ್ಷರಗಳ ಹತ್ತಿರ ಕೈ ತಡವರಿಸಿತು. ನೀಲವ್ವ ಒಂದೊಂದೇ ಅಕ್ಷರದ ಕೆಳಗೆ ಬೆರಳು ಸರಿಸುತ್ತ, ಕೇಳಿಸುವಂತೆ, ಗು, ರು, ಸಿ, ದ್ದ, ಪ್ಪ ಎಂದು ಓದಿದಳು. ಓದಿ ಮುಗಿಸಿ, “ಹೂಂ, ಈಗ ತಿಳೀತು,” ಎಂದಳು.

ಮೇಲಧಿಕಾರಿಗಳು ಆ ಸಾಲಿನ ಬಗ್ಗೆ ವಿವರಣೆ ಕೇಳಿದ್ದಾರೆ, ನಾನು ಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಶಬಾನಾಳ ವರ್ಷ ತುಂಬಲು ಇನ್ನೂ ಕೆಲವು ವಾರಗಳಿವೆ. ಪ್ರತಿ ಗುರುವಾರ ನಾನೂ ಅವಳೊಂದಿಗೆ ಶಿರಹಟ್ಟಿಗೆ ಹೋಗಿ, ಮೂಲೆಯಲ್ಲಿ ನಿಲ್ಲದೆ ಒಲೆಯ ಬಳಿ ಕುಳಿತು, ನೀಲವ್ವನಿಂದ ರೊಟ್ಟಿ ಬಡಿಯಲು ಕಲಿಯುತ್ತಿದ್ದೇನೆ. ನನ್ನವು ಹರಿಯುತ್ತವೆ. ಫೈಲುಗಳಿಗೆ ಈಗ ಪೂರ್ತಿ ಹೆಸರು ಬರೆಯುತ್ತೇನೆ, ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಕೇಳಬೇಕಾದ ಪ್ರಶ್ನೆ ಒಂದಾದರೂ ನೆನಪಾಗುತ್ತದೆ. ಮೊನ್ನೆ ಬ್ಯಾಂಕಿಗೆ ಹೋದಾಗ ಅದೇ ಸಹಿ ಹಾಕಿದೆ. ಆ ಯುವತಿ ಪರದೆ ನೋಡಿ, ಕಾಗದ ನೋಡಿ, ಎರಡೂ ಇನ್ನೂ ಪೂರ್ತಿ ಹೊಂದುವುದಿಲ್ಲವೆಂದಳು, ಮತ್ತೊಮ್ಮೆ ಬರೆದು ಕೊಟ್ಟೆ.