ಮೋಟಾರು ಶೆಡ್ಡಿನ ರಾಜ

ರಾಜರ ಕಾಲ ಚೆನ್ನಾಗಿತ್ತು ಅನ್ನುವವರನ್ನು ನಾನು ನಂಬುವುದಿಲ್ಲ. ಆಗ ಕಳ್ಳರಿರಲಿಲ್ಲವಂತೆ, ಹೇಳಿದ ಕೆಲಸ ಹೇಳಿದ ದಿನ ಆಗುತ್ತಿತ್ತಂತೆ. ನನ್ನ ಅಜ್ಜಿಯೂ ಹಾಗೇ ಹೇಳುತ್ತಿದ್ದಳು. ರಾಜರ ಸವಾರಿ ಬರುತ್ತದೆ ಅಂದರೆ ಹೆಣ್ಣುಮಕ್ಕಳನ್ನು ಅಟ್ಟ ಹತ್ತಿಸುತ್ತಿದ್ದರು ಅಂತಲೂ ಅವಳೇ ಹೇಳುತ್ತಿದ್ದಳು, ಅದೇ ಉಸಿರಿನಲ್ಲಿ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಪುಸ್ತಕದ ರಾಜರು ನನಗೆ ಗೊತ್ತಿಲ್ಲ. ನಮ್ಮ ಕೆರೆಯ ರಾಜ ಗೊತ್ತು.

ಕಕ್ಕಬೆ ಹತ್ತಿರ ನಮ್ಮ ನಾಲ್ಕೈದು ಮನೆಗಳ ಕಾಫಿಗೆ ಒಂದೇ ಕೆರೆ, ಒಂದೇ ಮೋಟಾರು. ಹೂಮಳೆ ಬಾರದಿದ್ದರೆ ಮೊಗ್ಗು ಅರಳಲು ನಾವೇ ಸ್ಪ್ರಿಂಕ್ಲರ್ ಹಾಕಬೇಕು. ಯಾರಿಗೆ ಮೊದಲು ಅಂತ ಪ್ರತಿ ವರ್ಷ ಜಗಳ. ಕೊನೆಗೊಮ್ಮೆ, "ಇದಕ್ಕೆ ರಾಜನೇ ಸರಿ" ಅಂತ ಎಲ್ಲರೂ ಸೇರಿ ಶೆಡ್ಡಿನ ಕೀಲಿಯನ್ನು ನನ್ನ ಮೈದುನನ ಕೈಗೆ ಕೊಟ್ಟರು. ಅವನು ಮಿಲಿಟರಿಯಲ್ಲಿ ಸುಬೇದಾರನಾಗಿದ್ದವನು.

ಸುಳ್ಳು ಯಾಕೆ ಹೇಳಲಿ, ಮೊದಲ ವರ್ಷ ಚೆನ್ನಾಗೇ ನಡೆಯಿತು. ಜಗಳವಿಲ್ಲ, ಮೀಟಿಂಗಿಲ್ಲ. ದೊಡ್ಡ ತೋಟದವರನ್ನು ಕಾಯಿಸಿ, ಗಂಡನಿಲ್ಲದ ನನಗೆ ಮೊದಲು ನೀರು ಬಿಟ್ಟ. ಆಗಲೇ ನನಗೆ ಅನುಮಾನ ಬಂದದ್ದು. ಕೇಳದೆ ಕೊಡುವ ಕೈ, ಹೇಳದೆ ಕಿತ್ತುಕೊಳ್ಳುತ್ತದೆ.

ಮರುವರ್ಷ ನನ್ನ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿದ್ದಾಗ ಸುಬೇದಾರ ಆಕಾಶ ನೋಡಿದ. "ನಾಳೆ ಮಳೆ. ನೀರು ದಂಡ," ಅಂತ ಮೋಟಾರು ನಿಲ್ಲಿಸಿ ಬೀಗ ಜಡಿದ. ನಾನು ಕತ್ತಿಯಲ್ಲಿ ಮಣ್ಣು ಕೆದಕಿ ನೋಡಿದೆ. ಮೇಲೆ ಹಸಿ, ಗೇಣು ಕೆಳಗೆ ಧೂಳು. ಅರ್ಧ ನೀರು ಕುಡಿದ ಮೊಗ್ಗು ಅರಳುವುದಿಲ್ಲ, ಕೆಂಪಾಗಿ ಗಿಡದಲ್ಲೇ ಒಣಗುತ್ತದೆ. ಆಮೇಲೆ ಆ ವರ್ಷದ ಫಸಲಿಲ್ಲ.

ಶೆಡ್ಡಿನ ಹತ್ತಿರ ಸೇರಿದ್ದವರೆಲ್ಲ ಹುಟ್ಟಿದ್ದೇ ಕಾಫಿ ಬುಡದಲ್ಲಿ, ಇದು ಎಲ್ಲರಿಗೂ ಗೊತ್ತಿತ್ತು. ಆದರೂ ಪಕ್ಕದ ಮನೆಯವನು, "ಹೌದು ಹೌದು, ಮೋಡ ಉಂಟಲ್ಲ," ಅಂದ. ಅವನ ಸರದಿ ಇನ್ನೂ ಬಾಕಿಯಿತ್ತಲ್ಲ, ಕೀಲಿ ಹಿಡಿದವನ ಸಿಟ್ಟು ಯಾಕೆ!

"ಮೋಡ ನಿನ್ನ ಹವಾಲ್ದಾರನಾ, ಹೇಳಿದ ಹಾಗೆ ಬರಲಿಕ್ಕೆ? ಬೀಗ ತೆಗಿ," ಅಂದೆ ಮೈದುನನಿಗೆ.

"ಅತ್ತಿಗೆ, ನಿಮಗೆ ಬಿಟ್ಟರೆ ನಾಳೆ ಎಲ್ಲರೂ ಕೇಳ್ತಾರೆ. ಹೇಳಿದ್ದು ಹೇಳಿದ್ದೇ."

ಮಳೆ ಬರಲಿಲ್ಲ. ಮೊಗ್ಗು ಕೆಂಪಾಯಿತು.

ಅವನು ಕೆಟ್ಟವನಲ್ಲ. ತಾನೇ ಬಂದು ಜಗಲಿಯಲ್ಲಿ ತಲೆ ತಗ್ಗಿಸಿ ಕೂತ. "ಬರುವ ವರ್ಷ ಮೊದಲು ನಿಮಗೇ, ಅತ್ತಿಗೆ. ನನ್ನ ಮಾತು," ಅಂದ. ಮತ್ತೆ ಅವನ ಮಾತೇ! ಒಳ್ಳೆ ರಾಜನಾದರೂ ತಪ್ಪಿದಾಗ ಹಿಡಿಯುವ ಕೈ ಇಲ್ಲದಿದ್ದರೆ ಏನು ಬಂತು? "ನಿನ್ನ ಮಾತು ಬೇಡ, ಶೆಡ್ಡಿಗೆ ಇನ್ನೊಂದು ಕೀಲಿ ಮಾಡಿಸು," ಅಂದೆ. ಅವನು ಸೊಂಟದಿಂದ ಕೀಲಿ ಬಿಚ್ಚಿ, ಮಾದರಿಗೆ ಅಂತ ಜಗಲಿ ಮೇಲಿಟ್ಟ.

ಈಗ ಎರಡನೇ ಕೀಲಿ ನನ್ನ ಹತ್ತಿರ ಇದೆ. ಮೀಟಿಂಗೂ ಇದೆ, ಜಗಳವೂ ಇದೆ, ಲೋಟದಲ್ಲಿ ಆರಿಹೋಗುವ ಕಾಫಿಯೂ ಇದೆ. ಮೊನ್ನೆ ಶೆಡ್ಡು ತೆಗೆಯುವ ಸರದಿ ನನ್ನದು, ಕೀಲಿ ತರುವುದು ಸ್ವಲ್ಪ ತಡವಾಯಿತು. ಪಕ್ಕದ ಮನೆಯವನ ಹೆಂಡತಿ ಬೇಲಿಯಾಚೆಯಿಂದಲೇ ಕೂಗಿದಳು: "ಏನು, ರಾಣಿಯವರ ಸವಾರಿ ಇನ್ನೂ ಹೊರಡಲಿಲ್ಲವಾ?"

ಸಿಟ್ಟು ಬಂತು. ಆದರೂ ಕೂಗಲಿ ಅನ್ನಿಸಿತು. ಅವಳ ಗಂಡ ಆವತ್ತು ಸುಬೇದಾರನಿಗೆ ಹೀಗೆ ಕೂಗಿದ್ದರೆ ನನ್ನ ಮೊಗ್ಗು ಉಳಿಯುತ್ತಿತ್ತು.